ಬೆಳಗಿನ ಲೆಕ್ಕವೂ ಈ ಕ್ಷಣದ ಲೆಕ್ಕವೂ

ಡೇಟಾ ಕೆಲಸದವರ ನಡುವೆ ಹತ್ತು-ಹದಿನೈದು ವರ್ಷಗಳಿಂದ ತೀರದ ವ್ಯಾಜ್ಯವೊಂದಿದೆ. ಒಂದು ಪಕ್ಷದ ಪ್ರಕಾರ, ಟರ್ಮಿನಲ್ ತೆರೆದು ಡೇಟಾಬೇಸಿಗೆ ಕ್ವೆರಿ ಬರೆದು ಉತ್ತರ ಪಡೆಯುವುದು, ಆ ಕ್ವೆರಿಯನ್ನೇ ಸ್ಕ್ರಿಪ್ಟಿಗೆ ಹಾಕಿ ರಾತ್ರಿ ಎರಡು ಗಂಟೆಗೆ ಓಡುವಂತೆ ಕ್ರಾನ್‌ಗೆ ಒಪ್ಪಿಸುವುದು, ಇಷ್ಟಿದ್ದರೆ ಸಂಸ್ಥೆಯ ಬಹುಪಾಲು ಪ್ರಶ್ನೆಗಳು ತೀರುತ್ತವೆ. ಇನ್ನೊಂದು, ಅಂದರೆ ಸ್ಟ್ರೀಮಿಂಗ್ ಪಕ್ಷದ ಪ್ರಕಾರ, ಘಟನೆ ನಡೆದ ಕ್ಷಣದಲ್ಲೇ ಅದರ ಸುದ್ದಿ ಬೇಕಾದವರಿಗೆಲ್ಲ ತಲುಪಬೇಕು. ರಾತ್ರಿಯ ಲೆಕ್ಕಕ್ಕೆ ಕಾಯುವುದು ಯಂತ್ರಗಳು ದುಬಾರಿಯಾಗಿದ್ದ ಕಾಲದ ಅಭ್ಯಾಸ. ಹೊರಗಿನವರಿಗೆ ಇದು ಉಪಕರಣಗಳ ಜಗಳದಂತೆ ಕಾಣಬಹುದು. ಒಳಹೊಕ್ಕು ನೋಡಿದರೆ ಜಗಳವಿರುವುದು ತಡದ ಬಗ್ಗೆ: ಎಷ್ಟು ತಡವನ್ನು ಸಹಿಸಬಹುದು, ಅದನ್ನು ತಗ್ಗಿಸಲು ಏನೇನು ತೆರಬೇಕಾದೀತು. ಎರಡೂ ಕಡೆ ಪ್ರಾಮಾಣಿಕರಿದ್ದಾರೆ, ಎರಡೂ ಕಡೆ ಅನುಭವವಿದೆ. ಆದ್ದರಿಂದ ಒಂದನ್ನು ಹಳತೆಂದೂ ಇನ್ನೊಂದನ್ನು ಹುಚ್ಚೆಂದೂ ತಳ್ಳಿಬಿಡುವುದು ಸುಲಭವಾದರೂ ನ್ಯಾಯವಲ್ಲ.

ಮೊದಲು ಟರ್ಮಿನಲ್ ಪಕ್ಷದ ಮಾತು ಕೇಳೋಣ. ಪೋಸ್ಟ್‌ಗ್ರೆಸ್ ಯೋಜನೆ 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಶುರುವಾಯಿತು. 1990ರ ದಶಕದ ನಡುವೆ ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಅದಕ್ಕೆ ಎಸ್‌ಕ್ಯೂಎಲ್ ಅಳವಡಿಸಿದಾಗ ಜೊತೆಯಲ್ಲೇ ಬಂದದ್ದು ಪಿಎಸ್‌ಕ್ಯೂಎಲ್ ಎಂಬ ಕಮಾಂಡ್ ಲೈನ್ ಉಪಕರಣ. ಅಂದಿನಿಂದ ಗ್ರಾಫಿಕ್ ಪರದೆಯ ಉಪಕರಣಗಳು ಎಷ್ಟೋ ಬಂದವು, ಎಷ್ಟೋ ಹೋದವು; ಇದು ಮಾತ್ರ ತನ್ನ ಕಪ್ಪು ಕಿಟಕಿಯಲ್ಲಿ ಹಾಗೇ ಉಳಿದಿದೆ. ಟೇಬಲ್ಲಿನ ರಚನೆ ತೋರಿಸು ಎಂದರೆ ತೋರಿಸುತ್ತದೆ, ಫೈಲಿನಿಂದ ಡೇಟಾ ತುಂಬು ಎಂದರೆ ತುಂಬುತ್ತದೆ. ದೂರದ ಸರ್ವರಿಗೆ ನಿಧಾನವಾದ ನೆಟ್‌ವರ್ಕಿನಲ್ಲಿ ಹೊಕ್ಕರೂ ನಡೆಯುತ್ತದೆ. ಬರೆದದ್ದೆಲ್ಲ ಬರೀ ಪಠ್ಯವಾದ್ದರಿಂದ ಗಿಟ್‌ನಲ್ಲಿ ಇಡಬಹುದು, ಸಹೋದ್ಯೋಗಿ ಓದಿ ತಿದ್ದಬಹುದು, ಆರು ತಿಂಗಳ ಬಳಿಕ ಅದೇ ಸಾಲುಗಳನ್ನು ಮತ್ತೆ ಓಡಿಸಿ ನೋಡಬಹುದು. ಒಂದು ಅಂಕಿ ಎಲ್ಲಿಂದ ಬಂತು ಎಂದು ಲೆಕ್ಕಪರಿಶೋಧಕರು ಕೇಳಿದರೆ ಮೂವತ್ತು ಸಾಲಿನ ಕ್ವೆರಿಯನ್ನು ಮುಂದಿಡುವುದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ.

ಇವರ ಎರಡನೆಯ ವಾದ ಗಾತ್ರದ್ದು. ಫ್ರ್ಯಾಂಕ್ ಮೆಕ್‌ಶೆರಿ ಮತ್ತು ಇಬ್ಬರು ಸಹಲೇಖಕರು 2015ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧವೊಂದು ಈ ಪಕ್ಷದವರಿಗೆ ಇಂದಿಗೂ ಅಚ್ಚುಮೆಚ್ಚು. ನೂರಾರು ಕೋರ್‌ಗಳ ಕ್ಲಸ್ಟರ್‌ಗಳಲ್ಲಿ ಓಡಿಸಿದ ಕೆಲವು ಗ್ರಾಫ್ ಲೆಕ್ಕಗಳನ್ನು ಒಂದೇ ಲ್ಯಾಪ್‌ಟಾಪಿನ ಒಂದೇ ಥ್ರೆಡ್‌ನಲ್ಲಿ ಓಡಿಸಿ, ಹಲವು ಕಡೆ ಲ್ಯಾಪ್‌ಟಾಪೇ ಗೆದ್ದದ್ದನ್ನು ಅವರು ತೋರಿಸಿದರು. ಆ್ಯಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯಲ್ಲಿ ಹುಟ್ಟಿ 2019ರಲ್ಲಿ ಹೊರಬಂದ ಡಕ್‌ಡಿಬಿ ಈ ವಾದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಸರ್ವರ್ ಇಲ್ಲ, ಕಾವಲಿಲ್ಲ. ಟರ್ಮಿನಲ್ಲಿನಲ್ಲಿ ಒಂದು ಹೆಸರು ಟೈಪಿಸಿ ಕೋಟ್ಯಂತರ ಸಾಲುಗಳ ಫೈಲನ್ನು ನೇರವಾಗಿ ಪ್ರಶ್ನಿಸಬಹುದು. ತಮ್ಮ ಡೇಟಾ ನಿಜಕ್ಕೂ ಎಷ್ಟು ದೊಡ್ಡದು ಎಂದು ಅಳೆದು ನೋಡುವ ಮುನ್ನವೇ ದೊಡ್ಡ ವ್ಯವಸ್ಥೆ ಕಟ್ಟಲು ಹೊರಡುವ ತಂಡಗಳಿಲ್ಲ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು.

ಆದರೆ ಟರ್ಮಿನಲ್ಲಿನ ನೇರತನವೇ ಅದರ ಅಪಾಯವೂ ಹೌದು. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಹಿಂದೆ ಬಿದ್ದಿದ್ದ ರೆಪ್ಲಿಕಾವನ್ನು, ಅಂದರೆ ಮುಖ್ಯ ಡೇಟಾಬೇಸಿನ ನಕಲು ಸರ್ವರನ್ನು, ಸರಿಪಡಿಸಲು ಹೊರಟ ಎಂಜಿನಿಯರ್ ಒಬ್ಬರು ಅಳಿಸುವ ಕಮಾಂಡನ್ನು ತಪ್ಪಿ ಮುಖ್ಯ ಸರ್ವರಿನಲ್ಲೇ ಕೊಟ್ಟರು. ತಪ್ಪು ಹೊಳೆದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5 ಗಿಗಾಬೈಟ್. ಆ ಎಂಜಿನಿಯರ್ ಅನನುಭವಿಯಾಗಿರಲಿಲ್ಲ, ಉದಾಸೀನರೂ ಆಗಿರಲಿಲ್ಲ. ರಾತ್ರಿ ತಡವಾಗಿತ್ತು, ತಾವಿರುವುದು ರೆಪ್ಲಿಕಾದಲ್ಲಿ ಎಂದುಕೊಂಡಿದ್ದರು. ಮೈಎಸ್‌ಕ್ಯೂಎಲ್‌ನ ಕಮಾಂಡ್ ಲೈನ್ ಉಪಕರಣದಲ್ಲಿ ಷರತ್ತಿಲ್ಲದೆ ಇಡೀ ಟೇಬಲ್ ಅಳಿಸುವುದನ್ನು ತಡೆಯುವ ಆಯ್ಕೆಯೊಂದಿದೆ. ಅದಕ್ಕೆ ‘ಐ ಆ್ಯಮ್ ಎ ಡಮ್ಮಿ’ ಎಂಬ ಇನ್ನೊಂದು ಹೆಸರನ್ನೂ ಇಟ್ಟಿದ್ದಾರೆ. ಆ ತಮಾಷೆಯಲ್ಲಿ ಒಂದು ಧೋರಣೆ ಅಡಗಿದೆ: ರಕ್ಷಣೆ ಬೇಕೆನ್ನುವವನು ದಡ್ಡ ಎಂಬುದು. ಗಿಟ್‌ಲ್ಯಾಬ್ ಪ್ರಕರಣ ಆ ಧೋರಣೆಯನ್ನು ಪುಷ್ಟೀಕರಿಸುವುದಿಲ್ಲ.

ಅದೇ ಪ್ರಕರಣದ ಎರಡನೆಯ ಭಾಗ ನನಗೆ ಮೊದಲನೆಯದಕ್ಕಿಂತ ಮುಖ್ಯವೆನಿಸುತ್ತದೆ. ಪ್ರತಿದಿನ ಬ್ಯಾಕಪ್ ತೆಗೆಯಬೇಕಿದ್ದ ಸ್ಕ್ರಿಪ್ಟು ಪೋಸ್ಟ್‌ಗ್ರೆಸ್ 9.6ರ ಡೇಟಾಬೇಸಿನ ಮೇಲೆ 9.2ರ ಉಪಕರಣವನ್ನು ಓಡಿಸುತ್ತಿತ್ತು; ಹಾಗಾಗಿ ಅದು ವಿಫಲವಾಗುತ್ತಲೇ ಇತ್ತು. ವಿಫಲವಾಯಿತೆಂದು ತಿಳಿಸಬೇಕಿದ್ದ ಇಮೇಲ್‌ಗಳು ಸಹಿ ಇಲ್ಲದ ಕಾರಣಕ್ಕೆ ತಿರಸ್ಕೃತವಾಗಿದ್ದವು. ಬೇಕಾದ ದಿನ ಹುಡುಕಿದರೆ ಬ್ಯಾಕಪ್ ಇರಲೇ ಇಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ನಕಲೊಂದರಿಂದ ಸೇವೆ ಮರಳಿತು, ಆ ಆರು ಗಂಟೆಗಳ ದಾಖಲೆ ಮರಳಲಿಲ್ಲ. ರಾತ್ರಿ ಓಡುವ ಸ್ಕ್ರಿಪ್ಟುಗಳ ಈ ಮೌನವೇ ಸ್ಟ್ರೀಮಿಂಗ್ ಪಕ್ಷದ ಗಟ್ಟಿ ಆಕ್ಷೇಪ. ಪಿಎಸ್‌ಕ್ಯೂಎಲ್‌ಗೆ ಫೈಲೊಂದನ್ನು ಕೊಟ್ಟರೆ, ನಡುವೆ ದೋಷ ಬಂದಾಗ ನಿಲ್ಲು ಎಂದು ಮೊದಲೇ ಹೇಳಿರದಿದ್ದಲ್ಲಿ ಅದು ದೋಷವನ್ನು ಮುದ್ರಿಸಿ ಮುಂದಿನ ಸಾಲಿಗೆ ಹೋಗುತ್ತದೆ. ಪೈಪಿನಲ್ಲಿ ಜೋಡಿಸಿದ ಕಮಾಂಡ್‌ಗಳಲ್ಲಿ ಮೊದಲನೆಯದು ಸತ್ತರೂ ಕೊನೆಯದು ನೆಟ್ಟಗಿದ್ದರೆ ಶೆಲ್ ಎಲ್ಲವೂ ಸರಿಯೆಂದೇ ವರದಿ ಮಾಡುತ್ತದೆ. ಇವೆರಡನ್ನೂ ಒಂದೊಂದು ಸಾಲಿನಲ್ಲಿ ಸರಿಪಡಿಸಬಹುದು, ನಿಜ. ಆ ಸಾಲು ಬರೆಯಬೇಕೆಂದು ತಿಳಿದವರು ಕೆಲಸ ಬಿಟ್ಟುಹೋದ ಮೇಲೂ ಸ್ಕ್ರಿಪ್ಟುಗಳು ಓಡುತ್ತಿರುತ್ತವೆ ಎನ್ನುವುದೂ ನಿಜ.

ಇನ್ನೂ ಸೂಕ್ಷ್ಮವಾದ ದೋಷವೊಂದಿದೆ. ರಾತ್ರಿ ಒಮ್ಮೆ ಟೇಬಲ್ ನೋಡುವವನಿಗೆ ಕಾಣುವುದು ಆ ಹೊತ್ತಿನ ಸ್ಥಿತಿ ಮಾತ್ರ. ಬೆಳಿಗ್ಗೆ ಹತ್ತಕ್ಕೆ ಆರ್ಡರ್ ಕೊಟ್ಟು, ಹನ್ನೊಂದಕ್ಕೆ ರದ್ದು ಮಾಡಿ, ಸಂಜೆ ಮತ್ತೆ ಅದೇ ಆರ್ಡರನ್ನು ಊರ್ಜಿತಗೊಳಿಸಿದ ಗ್ರಾಹಕ ರಾತ್ರಿಯ ಲೆಕ್ಕದಲ್ಲಿ ಏನೂ ತಕರಾರಿಲ್ಲದ ಗ್ರಾಹಕ. ಆತ ಏಕೆ ಹಿಂಜರಿದ ಎನ್ನುವುದೇ ವ್ಯಾಪಾರಕ್ಕೆ ಬೇಕಾದ ಸಂಗತಿಯಾಗಿದ್ದರೆ ಅದು ಅಳಿಸಿಹೋಗಿದೆ. ಅಳಿಸಿದ ಸಾಲುಗಳದ್ದು ಇದಕ್ಕಿಂತ ದೊಡ್ಡ ಸಮಸ್ಯೆ: ‘ನಿನ್ನೆಯಿಂದ ಬದಲಾದದ್ದೇನು’ ಎಂದು ಕೇಳುವ ಕ್ವೆರಿಗೆ ಇಲ್ಲವಾದ ಸಾಲು ಕಾಣುವುದೇ ಇಲ್ಲ. ಕ್ವೆರಿಯನ್ನು ಐದು ನಿಮಿಷಕ್ಕೊಮ್ಮೆ ಓಡಿಸಿದರೂ ಈ ದೋಷ ಕಿರಿದಾಗುತ್ತದೆಯೇ ಹೊರತು ಹೋಗುವುದಿಲ್ಲ. ಮೇಲಾಗಿ ಗ್ರಾಹಕರ ಕೆಲಸ ಮಾಡಬೇಕಾದ ಡೇಟಾಬೇಸಿನ ಮೇಲೆ ಹೊರೆ ಬೀಳುತ್ತದೆ.

ಸ್ಟ್ರೀಮಿಂಗ್ ಪಕ್ಷದ ಮಾತು ಶುರುವಾಗುವುದು ಇಲ್ಲಿಂದ. ಡೇಟಾಬೇಸು ತನ್ನೊಳಗೆ ಆಗುವ ಪ್ರತಿ ಬದಲಾವಣೆಯನ್ನೂ ಮೊದಲು ಒಂದು ಲಾಗ್‌ನಲ್ಲಿ ಬರೆದುಕೊಂಡೇ ಮುಂದುವರಿಯುತ್ತದೆ; ಕರೆಂಟು ಹೋಗಿ ಬಂದಾಗ ಮತ್ತೆ ಎದ್ದು ನಿಲ್ಲಲು ಅದಕ್ಕೆ ಆ ಲಾಗ್ ಬೇಕು. ಹೇಗೂ ಬರೆಯುತ್ತಿರುವ ಈ ವಹಿಯನ್ನೇ ಓದಿದರೆ ಟೇಬಲ್ಲನ್ನು ಪದೇ ಪದೇ ಕೆದಕಬೇಕಿಲ್ಲ, ನಡುವಿನ ಯಾವ ಸ್ಥಿತಿಯೂ ತಪ್ಪುವುದಿಲ್ಲ, ಅಳಿಸಿದ್ದೂ ಕಾಣುತ್ತದೆ. ಪೋಸ್ಟ್‌ಗ್ರೆಸ್ 2014ರ ಕೊನೆಗೆ ಬಂದ 9.4ನೇ ಆವೃತ್ತಿಯಲ್ಲಿ ಈ ಲಾಗನ್ನು ಹೊರಗಿನವರು ಅರ್ಥವಾಗುವಂತೆ ಓದುವ ಸೌಲಭ್ಯ ಕೊಟ್ಟಿತು. ಡೆಬೀಜಿಯಂನಂಥ ಉಪಕರಣಗಳು ಬಳಸುವುದು ಅದನ್ನೇ. ಓದಿದ್ದನ್ನು ತಂದು ಹಾಕುವ ಜಾಗ ಬಹಳ ಕಡೆ ಕಾಫ್ಕಾ. ಲಿಂಕ್ಡ್‌ಇನ್‌ನಲ್ಲಿ ಜೇ ಕ್ರೆಪ್ಸ್, ಪುಣೆ ಮೂಲದ ನೇಹಾ ನಾರ್ಖೆಡೆ ಮತ್ತು ಜುನ್ ರಾವ್ ಕಟ್ಟಿದ ಕಾಫ್ಕಾ 2011ರಲ್ಲಿ ಮುಕ್ತವಾಗಿ ಹೊರಬಂತು. ಅಲ್ಲಿ ಅವರ ಮುಂದಿದ್ದ ಸಮಸ್ಯೆ ವೇಗದ್ದಷ್ಟೇ ಆಗಿರಲಿಲ್ಲ. ಡೇಟಾ ಹುಟ್ಟಿಸುವ ಹತ್ತಾರು ವ್ಯವಸ್ಥೆಗಳು, ಅದನ್ನು ಬೇಡುವ ಹತ್ತಾರು ವ್ಯವಸ್ಥೆಗಳು. ಪ್ರತಿ ಜೋಡಿಗೂ ಒಂದು ಸ್ಕ್ರಿಪ್ಟು ಬರೆಯುತ್ತ ಹೋದರೆ ಗುಣಾಕಾರವೇ ತಂಡವನ್ನು ಮುಳುಗಿಸುತ್ತದೆ. ನಡುವೆ ಎಲ್ಲರೂ ಬರೆಯಬಹುದಾದ, ಎಲ್ಲರೂ ಓದಬಹುದಾದ ಒಂದು ಲಾಗ್ ಇಟ್ಟರೆ ಗುಣಾಕಾರ ಸಂಕಲನವಾಗುತ್ತದೆ. ಓದಿದ ಕೂಡಲೇ ಸಂದೇಶ ಮಾಯವಾಗುವುದಿಲ್ಲ; ಬದಲಿಸದೆ ಬಿಟ್ಟರೆ ಏಳು ದಿನ ಇರುತ್ತದೆ. ಲೆಕ್ಕದಲ್ಲಿ ತಪ್ಪು ಸಿಕ್ಕಿತೆಂದರೆ ಹಿಂದಕ್ಕೆ ಹೋಗಿ ಮತ್ತೆ ಓದಬಹುದು. ಗುಣಾಕಾರದ ಈ ವಾದಕ್ಕೆ ಟರ್ಮಿನಲ್ ಪಕ್ಷದಲ್ಲಿ ಸಮರ್ಪಕ ಉತ್ತರ ನನಗೆ ಸಿಕ್ಕಿಲ್ಲ.

ಇದಲ್ಲದೆ, ತಡವಾದರೆ ಉತ್ತರಕ್ಕೆ ಬೆಲೆಯೇ ಇಲ್ಲದ ಪ್ರಶ್ನೆಗಳಿವೆ. ಯುಪಿಐನಲ್ಲಿ 2025ರ ಹೊತ್ತಿಗೆ ತಿಂಗಳಿಗೆ 1,800 ಕೋಟಿಗೂ ಹೆಚ್ಚು ವಹಿವಾಟುಗಳು ನಡೆಯುತ್ತಿದ್ದವು. ಇವುಗಳಲ್ಲಿ ಒಂದು ವಂಚನೆಯದ್ದೆಂಬ ಶಂಕೆ ಹಣ ಕೈದಾಟುವ ಮುನ್ನ ಮೂಡಬೇಕು. ಮರುದಿನ ಬೆಳಗಿನ ವರದಿಯಲ್ಲಿ ಮೂಡಿದರೆ ಪೊಲೀಸರಿಗೆ ಉಪಯೋಗ, ಹಣ ಕಳೆದುಕೊಂಡವನಿಗಲ್ಲ. ನಿಲ್ದಾಣದಲ್ಲಿ ನಿಂತು ಫೋನಿನಲ್ಲಿ ಬಿಎಂಟಿಸಿ ಬಸ್ಸು ಎಲ್ಲಿದೆಯೆಂದು ನೋಡುವವರಿಗೆ ಕಾಲು ಗಂಟೆ ಹಳೆಯ ಮಾಹಿತಿಯೂ ಸುಳ್ಳು ಮಾಹಿತಿಯೇ. ಸಿಡಿಲಿನ ಮುನ್ನೆಚ್ಚರಿಕೆಯ ಬಗ್ಗೆ ಹೇಳಬೇಕಾದ್ದೇ ಇಲ್ಲ.

ಇಷ್ಟಾದರೂ ಹರಿಯುವ ಡೇಟಾದ ಮೇಲೆ ಲೆಕ್ಕ ಕಟ್ಟುವುದು ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಇಟ್ಟಿದೆ. ಅವು ತಾವಾಗಿಯೇ ಮಾಹಿತಿ ಕಳಿಸುತ್ತವೆ. ಇಂಥ ಮಾಪಕವೊಂದು ಮಲೆನಾಡಿನ ಮೂಲೆಯಲ್ಲಿದೆ, ಜಡಿಮಳೆಗೆ ಮೊಬೈಲ್ ಸಿಗ್ನಲ್ ಎರಡು ಗಂಟೆ ಹೋಗಿದೆ ಎಂದುಕೊಳ್ಳಿ. ಸಂಜೆ ಐದರ ಮಳೆಯ ಸುದ್ದಿ ಏಳಕ್ಕೆ ತಲುಪುತ್ತದೆ. ಅದನ್ನು ಐದು ಗಂಟೆಯ ಖಾತೆಗೆ ಹಾಕಬೇಕೇ, ಏಳರದ್ದಕ್ಕೇ? ಐದರದ್ದಕ್ಕೆ ಎಂದರೆ, ಐದರ ಲೆಕ್ಕವನ್ನು ಮುಚ್ಚುವ ಮುನ್ನ ಎಷ್ಟು ಹೊತ್ತು ಕಾಯಬೇಕು? ಹೆಚ್ಚು ಕಾದಷ್ಟೂ ಲೆಕ್ಕ ಪೂರ್ಣ, ಎಚ್ಚರಿಕೆ ತಡ. ಕಡಿಮೆ ಕಾದರೆ ಎಚ್ಚರಿಕೆ ಬೇಗ, ಲೆಕ್ಕ ಅಪೂರ್ಣ. ಫ್ಲಿಂಕ್‌ನಂಥ ಸ್ಟ್ರೀಮಿಂಗ್ ವ್ಯವಸ್ಥೆಗಳಲ್ಲಿ ವಾಟರ್‌ಮಾರ್ಕ್ ಎಂದು ಕರೆಯುವುದು ಈ ಕಾಯುವಿಕೆಯ ಗಡಿಯನ್ನೇ. ಆ ಗಡಿಯನ್ನು ಎಲ್ಲಿ ಎಳೆಯಬೇಕೆಂದು ಯಂತ್ರ ಹೇಳಲಾರದು. ಮಳೆಯ, ಮಾಪಕದ, ಸಿಗ್ನಲ್ಲಿನ ಸ್ವಭಾವ ಬಲ್ಲವರು ಹೇಳಬೇಕು. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಎಂದು ಎಣಿಸುತ್ತದೆ. ಮುಚ್ಚುವ ಹೊತ್ತು ನಿಗದಿಯಾಗಿರುವ ಇಂಥ ಲೆಕ್ಕದ ನೆಮ್ಮದಿಯೇ ಬೇರೆ.

ಸ್ಟ್ರೀಮಿಂಗ್ ಪಕ್ಷ ಇದಕ್ಕೆ ಕೊಡುವ ಮಾರುತ್ತರವನ್ನೂ ತೂಗಬೇಕು. ತಡವಾಗಿ ಬರುವ ಡೇಟಾ ರಾತ್ರಿಯ ಲೆಕ್ಕವನ್ನೇನೂ ಬಿಡುವುದಿಲ್ಲ. ಎರಡು ಗಂಟೆಗೆ ಸ್ಕ್ರಿಪ್ಟು ಓಡಿದ ಮೇಲೆ ಮೂರಕ್ಕೆ ಬಂದ ಸಾಲು ನಿನ್ನೆಯ ವರದಿಯಲ್ಲಿ ಇರುವುದಿಲ್ಲ, ಎಷ್ಟೋ ಬಾರಿ ಇಂದಿನದರಲ್ಲೂ ಇರುವುದಿಲ್ಲ. ಕೂಡಿಟ್ಟು ಒಮ್ಮೆಗೇ ಎಣಿಸುವ ಬ್ಯಾಚ್ ಪದ್ಧತಿ ಆ ಪ್ರಶ್ನೆಯನ್ನು ಕಂಬಳಿಯಡಿ ಮುಚ್ಚಿಟ್ಟಿತ್ತು, ನಾವು ಹೊರಗೆಳೆದೆವು ಎನ್ನುತ್ತಾರೆ ಅವರು. ಈ ಮಾತಿನಲ್ಲಿ ಹುರುಳಿದೆ. ಆದರೂ ಹೊರಗೆಳೆದ ಪ್ರಶ್ನೆಗೆ ದಿನವಿಡೀ, ರಾತ್ರಿಯಿಡೀ ಉತ್ತರ ಕೊಡುತ್ತ ಕೂರುವವರು ಯಾರು ಎಂಬುದು ಉಳಿಯುತ್ತದೆ.

ಏಕೆಂದರೆ ಹರಿವು ನಿಂತಾಗ ಆಗುವ ತೊಂದರೆ ಹರಿವಿನೊಳಗೇ ನಿಲ್ಲುವುದಿಲ್ಲ. ಪೋಸ್ಟ್‌ಗ್ರೆಸ್‌ನ ಲಾಗ್ ಓದುವವನಿಗೆಂದು ಡೇಟಾಬೇಸು ಒಂದು ರೆಪ್ಲಿಕೇಶನ್ ಸ್ಲಾಟ್ ಇಟ್ಟಿರುತ್ತದೆ: ಎಲ್ಲಿಯವರೆಗೆ ಓದಿದ ಎಂಬ ಗುರುತು. ಓದುವವನು ಸತ್ತುಹೋದರೆ, ಅವನು ಮತ್ತೆ ಬರುವನೆಂದು ನಂಬಿ ಡೇಟಾಬೇಸು ಹಳೆಯ ಲಾಗನ್ನು ಅಳಿಸದೆ ಕೂಡಿಡುತ್ತ ಹೋಗುತ್ತದೆ. ಡಿಸ್ಕ್ ತುಂಬುತ್ತದೆ, ತುಂಬಿದ ಮೇಲೆ ಮುಖ್ಯ ಡೇಟಾಬೇಸೇ ನಿಲ್ಲುತ್ತದೆ. ಅಂದರೆ ವರದಿಗೆಂದು ಹಾಕಿದ ಪೈಪ್‌ಲೈನು ವ್ಯಾಪಾರವನ್ನೇ ನಿಲ್ಲಿಸಬಲ್ಲದು. 2020ರಲ್ಲಿ ಬಂದ 13ನೇ ಆವೃತ್ತಿಯಲ್ಲಿ ಇದಕ್ಕೊಂದು ಮಿತಿ ಹಾಕಿಕೊಳ್ಳುವ ಅವಕಾಶ ಬಂತು, ಆದರೆ ನಾವಾಗಿ ಹಾಕಿಕೊಳ್ಳದಿದ್ದರೆ ಮಿತಿಯಿಲ್ಲ. ಮಿತಿ ಹಾಕಿದರೆ ಡೇಟಾಬೇಸು ಉಳಿಯುತ್ತದೆ, ಸ್ಟ್ರೀಮಿನ ಕೊಂಡಿ ಕಡಿಯುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು. ಒಂದೇ ಘಟನೆ ಎರಡು ಬಾರಿ ತಲುಪುವ ಸಾಧ್ಯತೆಯೂ ಇದೆ. ಪ್ರತಿ ಸಂದೇಶಕ್ಕೂ ಒಂದೇ ಬಾರಿ ಲೆಕ್ಕ ಎಂಬ ಖಾತ್ರಿಯನ್ನು ಕಾಫ್ಕಾ 2017ರಿಂದ ಕೊಡುತ್ತಿದೆಯಾದರೂ ಅದು ಕಾಫ್ಕಾದ ಅಂಗಳದೊಳಗಿನ ಮಾತು. ಅಂಗಳ ದಾಟಿ ಇಮೇಲ್ ಕಳಿಸುವ, ಬೇರೆ ಡೇಟಾಬೇಸಿಗೆ ಬರೆಯುವ ಕಡೆ ಜವಾಬ್ದಾರಿ ಮತ್ತೆ ಬರೆದವರದ್ದೇ. ಯಾರೋ ಟೇಬಲ್ಲಿನಲ್ಲಿ ಒಂದು ಕಾಲಮ್ಮಿನ ಹೆಸರು ಬದಲಿಸಿದರೆ ಕೆಳಹರಿವಿನ ನಾಲ್ಕು ತಂಡಗಳಿಗೆ ರಾತ್ರಿ ಫೋನು ಬರುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಆನ್‌ಕಾಲ್ ಪಾಳಿ ಹಂಚಿಕೊಳ್ಳಲು ಜನರಿದ್ದಾರೆ. ಮೂವರ ತಂಡದಲ್ಲಿ ಪಾಳಿಯೆಂದರೆ ಮೂರು ವಾರಕ್ಕೊಂದು ವಾರ ನಿದ್ದೆಗೇಡು.

ಈ ಎರಡು ಬಗೆಯ ಲೆಕ್ಕವನ್ನೂ ಒಂದೇ ಸೂರಿನಡಿ ನಡೆಸುವ ಸಂಸ್ಥೆಯೊಂದು ನಮ್ಮ ಕಣ್ಣೆದುರಿಗೇ ಇದೆ: ಭಾರತೀಯ ರಿಸರ್ವ್ ಬ್ಯಾಂಕ್. ಆರ್‌ಟಿಜಿಎಸ್‌ನಲ್ಲಿ ಪ್ರತಿ ವರ್ಗಾವಣೆಯೂ ಬಿಡಿಬಿಡಿಯಾಗಿ, ಆ ಕ್ಷಣದಲ್ಲೇ ಇತ್ಯರ್ಥವಾಗುತ್ತದೆ. ಕನಿಷ್ಠ ಮೊತ್ತ ಎರಡು ಲಕ್ಷ ರೂಪಾಯಿ. ಎನ್‌ಇಎಫ್‌ಟಿಯಲ್ಲಿ ಅರ್ಧ ಗಂಟೆಗೊಂದು ಬ್ಯಾಚ್, ದಿನಕ್ಕೆ 48. ಒಂದೊಂದು ಬ್ಯಾಚಿನಲ್ಲಿ ಬ್ಯಾಂಕುಗಳು ಪರಸ್ಪರ ಕೊಡಬೇಕಾದ್ದನ್ನೂ ಬರಬೇಕಾದ್ದನ್ನೂ ಕಳೆದು ಉಳಿದದ್ದನ್ನಷ್ಟೇ ಚುಕ್ತಾ ಮಾಡಲಾಗುತ್ತದೆ. ಎನ್‌ಇಎಫ್‌ಟಿ 2019ರ ಡಿಸೆಂಬರಿನಿಂದಲೂ ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದಲೂ ದಿನದ 24 ಗಂಟೆ ನಡೆಯುತ್ತಿವೆ. ಕ್ಷಣದಲ್ಲೇ ಇತ್ಯರ್ಥ ಮಾಡುವ ತಂತ್ರ ಕೈಯಲ್ಲಿದ್ದೂ ಬ್ಯಾಚನ್ನು ಉಳಿಸಿಕೊಂಡದ್ದಕ್ಕೆ ಕಾರಣವಿದೆ: ಬಿಡಿಬಿಡಿಯಾಗಿ ಚುಕ್ತಾ ಮಾಡಲು ಬ್ಯಾಂಕು ಪ್ರತಿ ಕ್ಷಣವೂ ಪೂರ್ತಿ ಹಣವನ್ನು ಸಿದ್ಧವಾಗಿಟ್ಟುಕೊಂಡಿರಬೇಕು, ಕೂಡಿಸಿ ಕಳೆದು ಮಾಡಿದರೆ ಅದರ ಒಂದು ಪಾಲು ಸಾಕು. ವೇಗಕ್ಕೆ ಇಲ್ಲಿ ನಗದಿನ ಬೆಲೆಯೇ ಇದೆ. ಯುಪಿಐ ಇನ್ನೂ ಸ್ವಾರಸ್ಯದ್ದು. ಅಂಗಡಿಯವರ ಪೆಟ್ಟಿಗೆ ಹಣ ಬಂತೆಂದು ಕೂಗುವುದು ತಕ್ಷಣ. ಬ್ಯಾಂಕು-ಬ್ಯಾಂಕುಗಳ ನಡುವಿನ ಚುಕ್ತಾ ನಡೆಯುವುದು ದಿನದ ಹಲವು ಸರದಿಗಳಲ್ಲಿ.

ಈ ಉದಾಹರಣೆಯನ್ನು ಎರಡೂ ಪಕ್ಷ ತಮ್ಮ ಕಡೆ ಎಳೆದುಕೊಳ್ಳಬಹುದು, ಎಳೆದುಕೊಳ್ಳುತ್ತಾರೆ ಕೂಡ. ಬ್ಯಾಚ್ ಸತ್ತಿಲ್ಲ ನೋಡಿ ಎನ್ನುತ್ತಾರೆ ಇವರು. ದಿಕ್ಕು ಯಾವ ಕಡೆಗಿದೆ ನೋಡಿ ಎನ್ನುತ್ತಾರೆ ಅವರು: ಬ್ಯಾಚಿನಲ್ಲೇ ನಡೆಯುತ್ತಿದ್ದ ಚೆಕ್ ಕ್ಲಿಯರಿಂಗ್ 2025ರ ಅಕ್ಟೋಬರ್ 4ರಿಂದ ದಿನವಿಡೀ ನಡೆಯುವ ನಿರಂತರ ಪದ್ಧತಿಗೆ ತಿರುಗಿದೆ. ದಿಕ್ಕಿನ ಮಾತನ್ನು ಒಪ್ಪಬೇಕು. ಆದರೆ ಅಲ್ಲಿಯೂ ಚೆಕ್ಕುಗಳು ನಿರಂತರವಾಗಿ ಬರುತ್ತಿದ್ದರೂ ಚುಕ್ತಾ ಗಂಟೆಗೊಮ್ಮೆ ಎಂಬುದನ್ನು ಮರೆಯುವಂತಿಲ್ಲ.

ಅಂಕಿಯನ್ನು ಯಾರು ಓದುತ್ತಾರೆ ಎಂಬ ಪ್ರಶ್ನೆಯನ್ನು ಈ ವಾದದಲ್ಲಿ ಎರಡೂ ಕಡೆಯವರು ಕೊನೆಗೆ ಕೇಳುತ್ತಾರೆ. ಮೊದಲೇ ಕೇಳಿದ್ದರೆ ಅರ್ಧ ವಾದ ತಪ್ಪುತ್ತಿತ್ತೇನೋ. ಓದುವುದು ಇನ್ನೊಂದು ಯಂತ್ರವಾದರೆ, ವಹಿವಾಟು ತಡೆಯಬೇಕೋ ಬಿಡಬೇಕೋ ಎಂದು ನಿರ್ಧರಿಸುವ ಪ್ರೋಗ್ರಾಮಾದರೆ, ಸೆಕೆಂಡುಗಳಿಗೆ ಬೆಲೆಯಿದೆ. ಓದುವುದು ಸೋಮವಾರದ ಸಭೆಯಲ್ಲಿ ಕುಳಿತ ವ್ಯವಸ್ಥಾಪಕರಾದರೆ ಸೆಕೆಂಡಿಗೊಮ್ಮೆ ಕುಣಿಯುವ ಡ್ಯಾಶ್‌ಬೋರ್ಡ್ ಉಪಕಾರ ಮಾಡದು, ಕೆಲವೊಮ್ಮೆ ಅಪಕಾರವನ್ನೇ ಮಾಡೀತು. ಸಭೆಗೆ ಮುನ್ನ ಒಬ್ಬರು ನೋಡಿದ ಅಂಕಿಯೂ ಸಭೆಯಲ್ಲಿ ಇನ್ನೊಬ್ಬರು ತೋರಿಸಿದ ಅಂಕಿಯೂ ಬೇರೆಯಾಗಿ, ಯಾವುದು ಸರಿ ಎಂಬ ಚರ್ಚೆಯಲ್ಲೇ ಗಂಟೆ ಕಳೆಯುವುದನ್ನು ಈ ಕೆಲಸದಲ್ಲಿರುವವರು ಕಂಡೇ ಇರುತ್ತಾರೆ. ಎರಡೂ ಸರಿಯೇ, ಹೊತ್ತು ಬೇರೆ. ಇದಕ್ಕೆ ಪ್ರತಿಯಾಗಿ, ಮುನ್ನಾದಿನದ ಅಂಕಿಗೆ ಒಗ್ಗಿಹೋದ ಸಂಸ್ಥೆ ಬೇಗ ತಿಳಿದಿದ್ದರೆ ಏನು ಮಾಡಬಹುದಿತ್ತು ಎಂದು ಯೋಚಿಸುವುದನ್ನೇ ಬಿಟ್ಟುಬಿಡುತ್ತದೆ ಎಂಬ ಮಾತೂ ಇದೆ. ಸರಕು ಖಾಲಿಯಾದದ್ದು ಮರುದಿನವೇ ತಿಳಿಯುವ ಅಂಗಡಿಗೆ ಖಾಲಿಯಾಗುವ ಮುನ್ನ ತರಿಸುವ ಯೋಚನೆ ಸುಲಭವಾಗಿ ಬರುವುದಿಲ್ಲ.

ಕಲಿಕೆಯ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಕಾಫ್ಕಾ, ಫ್ಲಿಂಕ್ ಎಂದು ರೆಸ್ಯೂಮೆಯಲ್ಲಿ ಇದ್ದರೆ ಬೆಂಗಳೂರಿನಲ್ಲಿ ಕರೆ ಬರುತ್ತದೆ, ಬರೀ ಎಸ್‌ಕ್ಯೂಎಲ್ ಎಂದಿದ್ದರೆ ಬರುವುದು ಕಡಿಮೆ ಎಂದು ಹೊಸಬರು ನಂಬುತ್ತಾರೆ. ಆ ನಂಬಿಕೆ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಸಂಸ್ಥೆಗೆ ಬೇಡದ ಪೈಪ್‌ಲೈನು ಹುಟ್ಟುವ ಕಾರಣಗಳಲ್ಲಿ ಇದೂ ಒಂದು ಎಂದು ಟರ್ಮಿನಲ್ ಪಕ್ಷ ಕುಟುಕುತ್ತದೆ. ತಮಗೆ ಬರುವುದನ್ನೇ ಸಾಕೆನ್ನುವುದು ಹಳಬರ ಸ್ವಾರ್ಥವೂ ಆಗಿರಬಹುದಲ್ಲವೇ ಎಂದು ಹೊಸಬರು ತಿರುಗಿ ಕೇಳಿದರೆ ತಪ್ಪೆನ್ನಲಾಗದು. ಆದರೆ ಒಂದು ವಿಷಯದಲ್ಲಿ ಹೆಚ್ಚು ವಾದವಿದೆಯೆಂದು ತೋರುವುದಿಲ್ಲ: ಸ್ಟ್ರೀಮಿನಲ್ಲಿ ಏನೋ ಕೆಟ್ಟಿತೆಂದಾಗ ಎಲ್ಲರೂ ತೆರೆಯುವುದು ಟರ್ಮಿನಲ್ಲನ್ನೇ. ಕಾಫ್ಕಾದೊಡನೆ ಬರುವ ಕನ್ಸೋಲ್ ಉಪಕರಣಗಳಾಗಲಿ ಕೆಕ್ಯಾಟ್ ಆಗಲಿ, ಒಂದು ಟಾಪಿಕ್ಕಿನೊಳಗೆ ಇಣುಕಿ ನಿಜವಾಗಿ ಏನು ಹರಿಯುತ್ತಿದೆ ಎಂದು ನೋಡುವುದು ಅಲ್ಲಿಂದಲೇ.

ಗಡಿಯೂ ಮಸುಕಾಗುತ್ತಿದೆ. ಕ್ವೆರಿಯೊಂದನ್ನು ಎರಡು ಸೆಕೆಂಡಿಗೊಮ್ಮೆ ತಾನೇ ಓಡಿಸಿ ತೋರಿಸುವ ಆದೇಶ ಪಿಎಸ್‌ಕ್ಯೂಎಲ್‌ನಲ್ಲಿ 2013ರಿಂದಲೇ ಇದೆ. ಏನಾದರೂ ಬದಲಾದರೆ ಕಾದು ಕುಳಿತವರಿಗೆ ಕೂಗಿ ಹೇಳುವ ಸೌಲಭ್ಯವೂ ಪೋಸ್ಟ್‌ಗ್ರೆಸ್‌ನಲ್ಲಿದೆ; ಸಂದೇಶ ಎಂಟು ಸಾವಿರ ಬೈಟ್‌ನೊಳಗಿರಬೇಕು, ಕೇಳುವವರು ಆಗ ಇಲ್ಲದಿದ್ದರೆ ಸುದ್ದಿ ಹೋಯಿತು, ಆದರೂ ಸಣ್ಣ ಕೆಲಸಕ್ಕೆ ಅಷ್ಟು ಸಾಕಾಗಬಹುದು. ಆಚೆ ಕಡೆಯಿಂದ ನೋಡಿದರೆ, ಸ್ಪಾರ್ಕ್‌ನ ಸ್ಟ್ರೀಮಿಂಗ್ ಮೊದಲಿಂದಲೂ ಪುಟ್ಟ ಪುಟ್ಟ ಬ್ಯಾಚುಗಳ ಸರಣಿ. ಕಾಫ್ಕಾ ನಡೆಸಲು ಜೊತೆಗೆ ಜೂಕೀಪರ್ ಎಂಬ ಇನ್ನೊಂದು ವ್ಯವಸ್ಥೆಯನ್ನೂ ಸಾಕಬೇಕು ಎಂಬ ಹಳೆಯ ದೂರು 2025ರ 4.0 ಆವೃತ್ತಿಯೊಂದಿಗೆ ಮುಗಿಯಿತು. ಐದು ವರ್ಷದ ಹಿಂದಿನ ಅನುಭವದ ಮೇಲೆ ಇಂದು ತೀರ್ಪು ಕೊಡುವವರು ಎರಡೂ ಕಡೆ ಸ್ವಲ್ಪ ತಾಳಬೇಕಾದೀತು.

ಇವೆಲ್ಲವನ್ನೂ ತೂಗಿದ ಮೇಲೆ, ಬಹುಪಾಲು ಸಂಸ್ಥೆಗಳಿಗೆ ನಡುದಾರಿಯೊಂದು ಹೆಚ್ಚು ಹೊಂದೀತೆಂದು ನನಗೆ ತೋರುತ್ತದೆ. ಎಲ್ಲರಿಗೂ ಎಂದು ಹೇಳುವ ಧೈರ್ಯವಿಲ್ಲ. ಯಂತ್ರವೇ ಓದಿ ಯಂತ್ರವೇ ನಿರ್ಧರಿಸುವ ಕೆಲವೇ ತೀರ್ಮಾನಗಳಿಗೆ ಸ್ಟ್ರೀಮ್ ಇರಲಿ: ವಂಚನೆ ತಡೆ, ಎಚ್ಚರಿಕೆ, ವಾಹನದ ಜಾಡು, ದಾಸ್ತಾನಿನ ಅಂಚು. ಅದಲ್ಲದೆ, ಒಂದೇ ಡೇಟಾವನ್ನು ನಾಲ್ಕಾರು ವ್ಯವಸ್ಥೆಗಳು ಬೇಡುವ ಕಡೆ, ವೇಗ ಬೇಕಿಲ್ಲದಿದ್ದರೂ, ನಡುವೆ ಒಂದು ಲಾಗ್ ಇಡುವುದು ಸಮರ್ಥನೀಯ. ಉಳಿದದ್ದಕ್ಕೆ, ಮುಖ್ಯವಾಗಿ ಮನುಷ್ಯರು ಓದಿ ಯೋಚಿಸಿ ನಿರ್ಧರಿಸುವ ಅಂಕಿಗಳಿಗೆ, ಟೇಬಲ್ಲು, ಕ್ವೆರಿ, ನಿಗದಿತ ಹೊತ್ತು ಸಾಕಾಗಬಹುದು. ಆದರೆ ರಾತ್ರಿಯ ಸ್ಕ್ರಿಪ್ಟು ಇಂದಿನಷ್ಟು ಮೂಕವಾಗಿರಬಾರದು. ದೋಷ ಬಂದರೆ ನಿಲ್ಲಬೇಕು, ಓಡದೇ ಹೋದರೆ ಅದು ಯಾರದಾದರೂ ಗಮನಕ್ಕೆ ಬರಬೇಕು, ತೆಗೆದ ಬ್ಯಾಕಪ್ಪನ್ನು ಆಗಾಗ ಮರಳಿ ಏರಿಸಿ ನೋಡುತ್ತಿರಬೇಕು. ಪ್ರೊಡಕ್ಷನ್ ಡೇಟಾಬೇಸಿಗೆ ಬರೆಯುವ ಹಕ್ಕು ದಿನನಿತ್ಯದ ಟರ್ಮಿನಲ್ಲಿಗೆ ಇರದಿದ್ದರೆ ಒಳ್ಳೆಯದು.

ಈ ನಡುದಾರಿಗೂ ತೆರಿಗೆಯಿದೆ, ಅದನ್ನು ಮುಚ್ಚಿಡಬಾರದು. ಒಂದೇ ಅಂಕಿಯನ್ನು ಸ್ಟ್ರೀಮೂ ರಾತ್ರಿಯ ಕ್ವೆರಿಯೂ ಎಣಿಸಿದರೆ ಒಂದಲ್ಲ ಒಂದು ದಿನ ಎರಡೂ ಬೇರೆ ಬೇರೆ ಹೇಳುತ್ತವೆ. ನೇಥನ್ ಮಾರ್ಜ್ ಮುಂದಿಟ್ಟ ಲ್ಯಾಂಬ್ಡಾ ವಿನ್ಯಾಸ ಬಹುಮಟ್ಟಿಗೆ ಇದೇ ಜೋಡಿ ಹಾದಿಯಾಗಿತ್ತು. ಒಂದೇ ತರ್ಕವನ್ನು ಎರಡು ಕಡೆ ಬರೆದು ಎರಡನ್ನೂ ಸಾಕುವ ಕಷ್ಟವನ್ನು ಎತ್ತಿ ಜೇ ಕ್ರೆಪ್ಸ್ 2014ರಲ್ಲಿ ಅದನ್ನು ಪ್ರಶ್ನಿಸಿದರು. ಆ ಟೀಕೆ ಇಂದಿಗೂ ಹಳತಾಗಿಲ್ಲ. ಪೂರ್ಣ ಪರಿಹಾರ ಬಹುಶಃ ಇಲ್ಲ. ಯಾವ ಅಂಕಿ ಅಧಿಕೃತ ಎಂದು ಮೊದಲೇ ಬರೆದಿಟ್ಟುಕೊಳ್ಳಬಹುದು. ನನ್ನ ಒಲವು ಹೊತ್ತು ಮುಚ್ಚಿದ ಟೇಬಲ್ಲಿನ ಕಡೆಗೆ. ಎಷ್ಟು ವ್ಯತ್ಯಾಸ ಬಂದರೆ ಯಾರು ಹುಡುಕಬೇಕು ಎಂದೂ ಗೊತ್ತುಮಾಡಿಕೊಳ್ಳಬಹುದು. ಎರಡೂ ಕಡೆ ಎಣಿಸುವ ಅಂಕಿಗಳ ಪಟ್ಟಿಯನ್ನು ಆದಷ್ಟು ಚಿಕ್ಕದಾಗಿ ಇಟ್ಟುಕೊಳ್ಳಬಹುದು. ಆ ಪಟ್ಟಿಗೆ ಹೊಸದೊಂದನ್ನು ಸೇರಿಸಿ ಎಂದು ಯಾವುದಾದರೂ ವಿಭಾಗ ಕೇಳಿದಾಗ, ಜೀವ ಅಥವಾ ಹಣಕ್ಕೆ ಆ ಕ್ಷಣದ ಅಪಾಯವಿಲ್ಲದಿದ್ದರೆ, ಮೊದಲು ಹತ್ತು ನಿಮಿಷಕ್ಕೊಮ್ಮೆ ರೆಪ್ಲಿಕಾದ ಮೇಲೆ ಓಡುವ ಒಂದು ಕ್ವೆರಿಯನ್ನು ಕೊಟ್ಟು ಒಂದೆರಡು ತಿಂಗಳು ನೋಡುವುದು ಮೇಲು. ಆ ಹತ್ತು ನಿಮಿಷದಿಂದಾಗಿ ಕೈತಪ್ಪಿದ ತೀರ್ಮಾನಗಳನ್ನು ಅವರು ಎಣಿಸಿ ತಂದರೆ ಸ್ಟ್ರೀಮ್ ಕಟ್ಟಲು ಕಾರಣ ಸಿಕ್ಕಿದಂತೆ. ಯಾರೂ ಏನೂ ತರದಿದ್ದರೆ ಕ್ವೆರಿಯನ್ನು ಗಂಟೆಗೊಮ್ಮೆಗೆ ಇಳಿಸಬಹುದೇ ಎಂದು ಕೇಳಿನೋಡಬಹುದು.